ಕಿಡೆಪೊ ಕಣಿವೆ: ಉಗಾಂಡಾದ ತುತ್ತತುದಿಯ ಕಾಡಿಗೆ ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ಕಿಡೆಪೊಗೆ ಹೋಗಬೇಕೆಂದಿದ್ದರೆ ಮೊದಲು ಬೆರಳು ಮಡಚಿ ರಾತ್ರಿಗಳನ್ನು ಎಣಿಸಿ. ಉದ್ಯಾನದ ಒಳಗೋ ಅದರ ಗೇಟಿನ ಪಕ್ಕದಲ್ಲೋ ನಾಲ್ಕು ರಾತ್ರಿ ಉಳಿಯುವಷ್ಟು ರಜೆ ಇದ್ದರೆ ಹೊರಡಿ, ಇಲ್ಲದಿದ್ದರೆ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ. ಎರಡು ರಾತ್ರಿಯ ಪ್ಯಾಕೇಜುಗಳು ಬೇಕಾದಷ್ಟು ಸಿಗುತ್ತವೆ. ಆದರೆ ಕಂಪಾಲದಿಂದ ರಸ್ತೆಯಲ್ಲಿ ಸುಮಾರು 700 ಕಿಲೋಮೀಟರ್ ದೂರದ ಜಾಗ ಅದು. ಹೋಗಲು ಎರಡು ದಿನ, ಬರಲು ಎರಡು ದಿನ ಬೇಕು. ನಡುವೆ ಎರಡೇ ರಾತ್ರಿ ಇದ್ದರೆ ಕಾಡಿಗೆ ಕಣ್ಣು ಹೊಂದಿಕೊಳ್ಳುವ ಹೊತ್ತಿಗೆ ಗಂಟುಮೂಟೆ ಕಟ್ಟಬೇಕಾಗುತ್ತದೆ. ಮುಂದೆ ಹೇಳುವ ಹಂತಗಳೆಲ್ಲ ಆ ನಾಲ್ಕು ರಾತ್ರಿಗಳನ್ನು ಗಿಟ್ಟಿಸಿಕೊಳ್ಳುವುದಕ್ಕೆ ಮತ್ತು ಅವನ್ನು ಚೆನ್ನಾಗಿ ಕಳೆಯುವುದಕ್ಕೆ.

ಜಾಗದ ಪರಿಚಯ

ಉಗಾಂಡಾದ ಈಶಾನ್ಯ ಮೂಲೆಯ ಕರಮೋಜಾ ಪ್ರಾಂತ್ಯದಲ್ಲಿ, ದಕ್ಷಿಣ ಸುಡಾನಿನ ಗಡಿಗೆ ಅಂಟಿಕೊಂಡಂತೆ ಕಿಡೆಪೊ ಕಣಿವೆ ರಾಷ್ಟ್ರೀಯ ಉದ್ಯಾನವಿದೆ. ಪೂರ್ವಕ್ಕೆ ಸ್ವಲ್ಪ ದೂರದಲ್ಲೇ ಕೀನ್ಯಾ. ವಿಸ್ತೀರ್ಣ 1,442 ಚದರ ಕಿಲೋಮೀಟರ್, ನಮ್ಮ ಬಂಡೀಪುರ ಮತ್ತು ನಾಗರಹೊಳೆ ಎರಡನ್ನೂ ಸೇರಿಸಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. 1958ರಲ್ಲಿ ವನ್ಯಜೀವಿ ಮೀಸಲು ಪ್ರದೇಶವಾಗಿ, 1962ರಲ್ಲಿ, ಅಂದರೆ ಉಗಾಂಡಾ ಸ್ವತಂತ್ರವಾದ ವರ್ಷದಲ್ಲಿ, ರಾಷ್ಟ್ರೀಯ ಉದ್ಯಾನವಾಗಿ ಘೋಷಣೆಯಾಯಿತು.

ಒಳಗೆ ಎರಡು ಕಣಿವೆಗಳಿವೆ. ನೈಋತ್ಯದಲ್ಲಿ ನರೂಸ್ ಕಣಿವೆ, ಈಶಾನ್ಯದಲ್ಲಿ ಕಿಡೆಪೊ ಕಣಿವೆ. ಈ ಎರಡರ ವ್ಯತ್ಯಾಸ ತಿಳಿದರೆ ಇಡೀ ಪ್ರವಾಸದ ಯೋಜನೆ ತಾನಾಗಿ ಹೊಳೆಯುತ್ತದೆ. ನರೂಸ್‌ನಲ್ಲಿ ವರ್ಷಕ್ಕೆ 890 ಮಿಲಿಮೀಟರ್‌ನಷ್ಟು ಮಳೆ ಬಿದ್ದರೆ ಕಿಡೆಪೊ ಕಡೆ 635ರ ಆಸುಪಾಸು. ಬೇಸಿಗೆ ಏರಿದಂತೆ ಕಿಡೆಪೊ ನದಿ ಪೂರ್ತಿ ಒಣಗಿ ಬರೀ ಮರಳಿನ ಹಾಸಾಗುತ್ತದೆ, ನರೂಸ್‌ನ ಗುಂಡಿಗಳಲ್ಲಿ ಮಾತ್ರ ನೀರು ನಿಲ್ಲುತ್ತದೆ. ಆಗ ಸುತ್ತಲಿನ ಪ್ರಾಣಿಗಳೆಲ್ಲ ಆ ನೀರಿನ ಮಗ್ಗುಲಿಗೆ ಬಂದು ಸೇರುತ್ತವೆ. ಕಿಡೆಪೊ ಎಂಬ ಹೆಸರಿನಲ್ಲಿ ಆಯ್ದುಕೊಳ್ಳುವುದು ಎಂಬ ಅರ್ಥವಿದೆಯಂತೆ. ನದಿಯ ದಂಡೆಯುದ್ದಕ್ಕೂ ಬೆಳೆದ ತಾಳೆಮರಗಳ ಹಣ್ಣನ್ನು ಆಯಲು ಸುತ್ತಲಿನ ಜನ ಇಲ್ಲಿಗೆ ಬರುತ್ತಿದ್ದರು. ಅದು ನಮ್ಮ ತಾಟಿನಿಂಗಿನ ಮರದ ಆಫ್ರಿಕಾದ ದಾಯಾದಿ, ಎಲೆ ನೋಡಿದರೇ ಗುರುತು ಸಿಗುತ್ತದೆ.

ಇಷ್ಟು ದೂರ ಇರುವುದರಿಂದಲೇ ಇಲ್ಲಿ ಜನಸಂದಣಿ ಇಲ್ಲ. ಕೀನ್ಯಾದ ಮಸಾಯಿ ಮಾರಾದಲ್ಲಿ ಒಂದು ಚೀತಾದ ಸುತ್ತ ಇಪ್ಪತ್ತು ಗಾಡಿ ನಿಂತ ಚಿತ್ರ ನೀವು ನೋಡಿರಬಹುದು. ಕಿಡೆಪೊದಲ್ಲಿ ಬೆಳಗಿನಿಂದ ಸಂಜೆವರೆಗೆ ಇನ್ನೊಂದು ಗಾಡಿ ಎದುರಾಗದ ದಿನ ನನಗೇ ಸಿಕ್ಕಿತ್ತು.

ಹಂತ 1: ತಿಂಗಳು ಆರಿಸಿಕೊಳ್ಳಿ

ಪ್ರಾಣಿಗಳೇ ಮುಖ್ಯವಾದರೆ ಡಿಸೆಂಬರ್ ಕೊನೆಯಿಂದ ಮಾರ್ಚ್ ನಡುವೆ ಹೋಗಿ. ಹುಲ್ಲು ಒಣಗಿ ನೆಲಕ್ಕೆ ಕೂತಿರುತ್ತದೆ, ನರೂಸ್‌ನಲ್ಲಿ ಕಾಡೆಮ್ಮೆಗಳ ದೊಡ್ಡ ದೊಡ್ಡ ಹಿಂಡುಗಳು ಸೇರಿರುತ್ತವೆ. ಬಿಸಿಲು ಮಾತ್ರ ರಾಯಚೂರಿನ ಏಪ್ರಿಲನ್ನು ನೆನಪಿಸುತ್ತದೆ, ಮಧ್ಯಾಹ್ನ 40 ಡಿಗ್ರಿ ಮುಟ್ಟುವುದುಂಟು.

ಹಕ್ಕಿಗಾಗಿ ಹೋಗುವವರಿಗೂ ನನ್ನ ಸಲಹೆ ಜನವರಿ ಅಥವಾ ಫೆಬ್ರವರಿಯೇ. ಆಗ ಯುರೋಪ್ ಮತ್ತು ಮಧ್ಯ ಏಷ್ಯಾದಿಂದ ಬಂದ ವಲಸೆ ಹಕ್ಕಿಗಳೂ ಅಲ್ಲೇ ಇರುತ್ತವೆ. ಚಳಿಗಾಲದಲ್ಲಿ ನಮ್ಮ ರಾಣೆಬೆನ್ನೂರಿನ ಹುಲ್ಲುಗಾವಲಿನ ಮೇಲೆ ತೇಲುವ ಪ್ಯಾಲಿಡ್ ಮತ್ತು ಮಾಂಟೆಗೂ ಹ್ಯಾರಿಯರ್ ಎಂಬ ಬೇಟೆಹಕ್ಕಿಗಳ ಬಳಗವೇ ಅಲ್ಲೂ ಹುಲ್ಲಿಗೆ ತಾಗುವಂತೆ ಹಾರುತ್ತಿರುತ್ತದೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಮಳೆಗಾಲದಲ್ಲಿ ಗೀಜಗ, ವೈಡಾ ಹಕ್ಕಿಗಳು ಬಣ್ಣ ತುಂಬಿಕೊಂಡು ಚೆಂದ ಕಾಣುತ್ತವೆ ನಿಜ. ಆದರೆ ಹುಲ್ಲು ಆಳೆತ್ತರ ಬೆಳೆದಿರುತ್ತದೆ, ಕರಮೋಜಾದ ಎರೆಮಣ್ಣು ಒದ್ದೆಯಾದರೆ ಗಾಡಿ ಏಳುವುದಿಲ್ಲ. ಬಳ್ಳಾರಿ, ಗದಗ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಂತ 2: ಲಸಿಕೆ ಮತ್ತು ಕಾಗದಪತ್ರ

ಟಿಕೆಟ್ ಕಾಯ್ದಿರಿಸುವ ಮೊದಲೇ ಹಳದಿ ಜ್ವರದ ಲಸಿಕೆಯ ದಿನಾಂಕ ಗೊತ್ತುಮಾಡಿಕೊಳ್ಳಿ. ಉಗಾಂಡಾ ಒಳಗೆ ಬಿಡಲು ಆ ಹಳದಿ ಕಾರ್ಡು ಕೇಳುತ್ತದೆ. ಅದಕ್ಕಿಂತ ಗಟ್ಟಿಯಾಗಿ ವಾಪಸ್ ಬರುವಾಗ ಭಾರತ ಕೇಳುತ್ತದೆ, ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸುವ ನಿಯಮವಿದೆ. ಲಸಿಕೆಯನ್ನು ಎಲ್ಲ ಆಸ್ಪತ್ರೆಗಳೂ ಕೊಡುವುದಿಲ್ಲ, ಕೇಂದ್ರ ಸರ್ಕಾರ ಅನುಮೋದಿಸಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ. ಬೆಂಗಳೂರಿನಲ್ಲೂ ಇವೆ. ಪಾಸ್‌ಪೋರ್ಟ್ ತೆಗೆದುಕೊಂಡು, ಮುಂಚೆಯೇ ದಿನ ಗೊತ್ತುಮಾಡಿಕೊಂಡು ಹೋಗಬೇಕು. ಚುಚ್ಚಿಸಿಕೊಂಡ ಹತ್ತು ದಿನದ ನಂತರವಷ್ಟೇ ಕಾರ್ಡಿಗೆ ಬೆಲೆ, ಆಮೇಲೆ ಜೀವಮಾನಪೂರ್ತಿ ನಡೆಯುತ್ತದೆ. ಮೊಟ್ಟೆ ಒಗ್ಗದವರು, ಗರ್ಭಿಣಿಯರು, ಅರವತ್ತು ದಾಟಿದವರು ವೈದ್ಯರ ಹತ್ತಿರ ಮಾತಾಡದೆ ಹಾಕಿಸಿಕೊಳ್ಳಬಾರದು.

ಮಲೇರಿಯಾವನ್ನು ಹಗುರವಾಗಿ ತೆಗೆದುಕೊಳ್ಳಲೇಬೇಡಿ. ಉಗಾಂಡಾದಲ್ಲಿ ಅದು ವರ್ಷವಿಡೀ ಇದೆ, ಮಾರಣಾಂತಿಕವಾದ ಫಾಲ್ಸಿಪಾರಂ ಬಗೆಯದೇ ಹೆಚ್ಚು. ಅಟೊವಾಕ್ವೋನ್-ಪ್ರೊಗುವಾನಿಲ್ ಅಥವಾ ಡಾಕ್ಸಿಸೈಕ್ಲಿನ್‌ನಂಥ ತಡೆಮಾತ್ರೆಯನ್ನು ವೈದ್ಯರು ಬರೆದುಕೊಡುತ್ತಾರೆ. ಊರಿಗೆ ಬಂದ ಮೇಲೂ ಹೇಳಿದಷ್ಟು ದಿನ ನುಂಗಿ. ಬಂದ ಕೆಲವು ವಾರಗಳಲ್ಲಿ ಜ್ವರ ಬಂದರೆ ವೈದ್ಯರಿಗೆ ಹೇಳಬೇಕಾದ ಮೊದಲ ಮಾತು, ಆಫ್ರಿಕಾಕ್ಕೆ ಹೋಗಿ ಬಂದಿದ್ದೇನೆ ಎಂಬುದು.

ವೀಸಾ ಆನ್‌ಲೈನ್‌ನಲ್ಲೇ ಆಗುತ್ತದೆ. ಉಗಾಂಡಾ ಒಂದಕ್ಕೇ ಆದರೆ 50 ಡಾಲರ್. ಕೀನ್ಯಾ, ರುವಾಂಡಾಗಳನ್ನೂ ಸೇರಿಸುವುದಾದರೆ 100 ಡಾಲರಿನ ಪೂರ್ವ ಆಫ್ರಿಕಾ ಪ್ರವಾಸಿ ವೀಸಾ 90 ದಿನ ನಡೆಯುತ್ತದೆ. ಯಾವ ದೇಶಕ್ಕೆ ಮೊದಲು ಕಾಲಿಡುತ್ತೀರೋ ಆ ದೇಶದ ಮೂಲಕವೇ ಅರ್ಜಿ ಹಾಕಬೇಕು.

ಪ್ರವಾಸ ವಿಮೆ ಕಡ್ಡಾಯವಲ್ಲ, ಆದರೂ ಕಡ್ಡಾಯ ಎಂದೇ ತಿಳಿಯಿರಿ. ತುರ್ತು ವಿಮಾನ ಸಾಗಣೆಯ ಖರ್ಚನ್ನು ಅದು ಭರಿಸುತ್ತದೆಯೇ ಎಂದು ಪಾಲಿಸಿ ಓದಿ ನೋಡಿ. ಉದ್ಯಾನದ ನಡುವಿನ ತಂಗುತಾಣವಾದ ಅಪೋಕಾದಿಂದ ಒಳ್ಳೆಯ ಆಸ್ಪತ್ರೆಗೆ ಗಾಡಿಯಲ್ಲಿ ಹೋಗುವುದೆಂದರೆ ಇಡೀ ದಿನದ ದಾರಿ. ಕರಮೋಜಾದಲ್ಲಿ ದನ ಕದಿಯುವ ಗುಂಪುಗಳ ಗಲಾಟೆ ಆಗಾಗ ಏಳುತ್ತದೆ. ಪ್ರವಾಸಿಗರು ಅದರ ಗುರಿಯಲ್ಲ, ಆದರೂ ಹೊರಡುವ ವಾರ ಕಂಪಾಲದ ಭಾರತೀಯ ಹೈಕಮಿಷನ್ನಿನ ಸೂಚನೆ ನೋಡಿಕೊಂಡು, ನಿಮ್ಮ ಮಾರ್ಗ ತೆರೆದಿದೆಯೇ ಎಂದು ಚಾಲಕರಿಂದ ಖಾತ್ರಿ ಮಾಡಿಕೊಳ್ಳಿ.

ಹಂತ 3: ಎಂಟೆಬೆ ತಲುಪುವುದು

ಉಗಾಂಡಾದ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ ವಿಕ್ಟೋರಿಯಾ ಸರೋವರದ ದಂಡೆಯ ಎಂಟೆಬೆಯಲ್ಲಿದೆ. ಉಗಾಂಡಾ ಏರ್‌ಲೈನ್ಸ್ 2023ರ ಅಕ್ಟೋಬರ್‌ನಲ್ಲಿ ಮುಂಬೈ-ಎಂಟೆಬೆ ನೇರ ವಿಮಾನ ಶುರುಮಾಡಿತು. ಬೆಂಗಳೂರಿನವರಿಗೆ ಇಥಿಯೋಪಿಯನ್ ಏರ್‌ಲೈನ್ಸ್‌ನಲ್ಲಿ ಅಡಿಸ್ ಅಬಾಬಾ ಮೂಲಕ ಹೋಗುವುದೂ ಅನುಕೂಲ. ವೇಳಾಪಟ್ಟಿಗಳು ಬದಲಾಗುತ್ತಿರುತ್ತವೆ, ಟಿಕೆಟ್ ತೆಗೆಯುವಾಗಲೇ ನೋಡಿಕೊಳ್ಳಿ. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ.

ಇಳಿದ ಮರುದಿನವೇ ಉತ್ತರಕ್ಕೆ ಓಡಬೇಡಿ. ಎಂಟೆಬೆಗೆ ಹತ್ತಿರದಲ್ಲೇ ಮಬಾಂಬಾ ಜೌಗು ಇದೆ. ಬೆಳಗ್ಗೆ ಬೇಗ ಹೋಗಿ ಮರದ ದೋಣಿಯಲ್ಲಿ ಕೂತರೆ, ಜೊಂಡಿನ ನಡುವೆ ನಾಲ್ಕು ಅಡಿ ಎತ್ತರದ ಬೂದುಬಣ್ಣದ ಶೂಬಿಲ್ ಕಾಣುವ ಸಾಧ್ಯತೆ ಚೆನ್ನಾಗಿದೆ. ಶ್ವಾಸಮೀನು ಉಸಿರಿಗೆಂದು ಮೇಲೆ ಬರುವುದನ್ನೇ ಕಾಯುತ್ತ ಗಂಟೆಗಟ್ಟಲೆ ಅಲುಗಾಡದೆ ನಿಲ್ಲುವ ಹಕ್ಕಿ ಅದು. ಮುಂದಿನ ದಿನಗಳಿಗೆ ಬೇಕಾದ ತಾಳ್ಮೆಗೆ ಅದರ ಎದುರು ಕೂತ ಒಂದು ಬೆಳಗು ಒಳ್ಳೆಯ ತಾಲೀಮು.

ಕಂಪಾಲದಲ್ಲಿ ಮೂರು ಕೆಲಸ ಮುಗಿಸಿಕೊಳ್ಳಿ. ಪಾಸ್‌ಪೋರ್ಟ್ ತೋರಿಸಿ ಎಂಟಿಎನ್ ಅಥವಾ ಏರ್‌ಟೆಲ್ ಸಿಮ್ ತೆಗೆದುಕೊಳ್ಳಿ. ಡಾಲರನ್ನು ಶಿಲ್ಲಿಂಗಿಗೆ ಬದಲಿಸಿ. 2009ಕ್ಕಿಂತ ಹಳೆಯ ಅಥವಾ ಮಡಿಕೆ ಬಿದ್ದು ಹರಿದ ಡಾಲರ್ ನೋಟು ಅಲ್ಲಿ ನಡೆಯುವುದು ಕಷ್ಟ, ಊರಿನಿಂದಲೇ ಹೊಸ ನೋಟು ಕೇಳಿ ತನ್ನಿ. ಮೂರನೆಯದು ಕಮ್ವೊಕ್ಯಾದಲ್ಲಿರುವ ಉಗಾಂಡಾ ವನ್ಯಜೀವಿ ಪ್ರಾಧಿಕಾರದ ಮುಖ್ಯ ಕಚೇರಿ. ಉದ್ಯಾನದ ಕೋಣೆ, ಪ್ರವೇಶ ಶುಲ್ಕ, ಮೊರುಂಗೊಲೆ ಬೆಟ್ಟದ ಚಾರಣ, ಎಲ್ಲವನ್ನೂ ಅಲ್ಲೇ ಅಥವಾ ನಿಮ್ಮ ಪ್ರವಾಸ ಸಂಸ್ಥೆಯ ಮೂಲಕ ಗಟ್ಟಿ ಮಾಡಿಕೊಂಡು ರಸೀದಿ ಇಟ್ಟುಕೊಳ್ಳಿ. ವಿದೇಶಿಯರಿಗೆ ಪ್ರವೇಶ ಶುಲ್ಕ 24 ಗಂಟೆಯ ಲೆಕ್ಕ, 40 ಡಾಲರಿನ ಆಸುಪಾಸು. ದರ ಆಗಾಗ ಪರಿಷ್ಕರಣೆ ಆಗುವುದರಿಂದ ಪ್ರಾಧಿಕಾರದ ತಾಣದಲ್ಲಿ ಆ ವರ್ಷದ ಪಟ್ಟಿ ನೋಡಿ.

ಹಂತ 4: ಉತ್ತರದ ದಾರಿ

ದುಡ್ಡಿದ್ದವರಿಗೆ ಎಂಟೆಬೆಯಿಂದ ಅಪೋಕಾದ ಮಣ್ಣಿನ ರನ್‌ವೇಗೆ ಸಣ್ಣ ವಿಮಾನಗಳಿವೆ. ಸಾಮಾನು 15 ಕಿಲೋ ಮೀರುವಂತಿಲ್ಲ, ಅದೂ ಮೆತ್ತನೆಯ ಚೀಲದಲ್ಲಿರಬೇಕು. ದೊಡ್ಡ ಲೆನ್ಸ್ ಹೊತ್ತವರಿಗೆ ಇದೇ ತೊಡಕು.

ನಾನು ರಸ್ತೆಯ ಪರ. ದೂರ ಎಷ್ಟೆಂದು ಮೈಗೆ ಗೊತ್ತಾದರೆ ಆ ಜಾಗ ಹೇಗೆ ಉಳಿದುಕೊಂಡಿತು ಎನ್ನುವುದೂ ಗೊತ್ತಾಗುತ್ತದೆ. ಮೊದಲ ದಿನ ಕಂಪಾಲದಿಂದ ಗುಲು, ಸುಮಾರು 330 ಕಿಲೋಮೀಟರ್ ಒಳ್ಳೆಯ ಡಾಂಬರು. ದಾರಿಯಲ್ಲಿ ನಕಸೊಂಗೊಲಾ ಜಿಲ್ಲೆಯ ಜೀವಾ ಘೇಂಡಾಮೃಗ ಧಾಮವಿದೆ. ಉಗಾಂಡಾದ ಕಾಡುಗಳಲ್ಲಿ ಘೇಂಡಾಮೃಗ 1983ರ ಹೊತ್ತಿಗೆ ಪೂರ್ತಿ ಅಳಿದುಹೋಗಿತ್ತು, 2005ರಿಂದ ಇಲ್ಲಿ ಬಿಳಿ ಘೇಂಡಾಮೃಗಗಳನ್ನು ತಂದು ಸಾಕಿ ಬೆಳೆಸಿದರು. ರೇಂಜರ್ ಜೊತೆ ನಡೆದೇ ಹೋಗಿ ನೋಡಬಹುದು. ಮುಂದೆ ಕರುಮಾದಲ್ಲಿ ನೈಲ್ ನದಿಯನ್ನು ದಾಟುತ್ತೀರಿ. ರಸ್ತೆಬದಿಯಲ್ಲಿ ಬಬೂನುಗಳು ಕೂತಿರುತ್ತವೆ, ಕಿಟಕಿ ಏರಿಸಿ, ಏನನ್ನೂ ಎಸೆಯಬೇಡಿ.

ಗುಲುವಿನಲ್ಲಿ ರಾತ್ರಿ ಊಟಕ್ಕೆ ಹೋಟೆಲ್ಲಿನ ಚಿಪ್ಸ್ ಬಿಟ್ಟು ಅಚೋಲಿ ಜನರ ಊಟ ಕೇಳಿ. ಕ್ವೊನ್ ಕಾಲ್ ಎಂದರೆ ರಾಗಿಯ ಮುದ್ದೆಯೇ. ರಾಗಿ ಮೊದಲು ಬೇಸಾಯಕ್ಕೆ ಬಂದದ್ದು ಪೂರ್ವ ಆಫ್ರಿಕಾದ ಎತ್ತರದ ನಾಡಿನಲ್ಲಿ, ನಮ್ಮ ಮುದ್ದೆಯ ತವರು ಈ ಕಡೆಯೇ. ಜೊತೆಗೆ ಮಲಕ್ವಾಂಗ್ ಬರುತ್ತದೆ. ನಮ್ಮ ಪುಂಡಿಯ ಜಾತಿಯ ಹುಳಿಸೊಪ್ಪನ್ನು ಶೇಂಗಾ ಮತ್ತು ಎಳ್ಳಿನ ಗೊಜ್ಜು ಹಾಕಿ ಬೇಯಿಸಿದ್ದು. ಬೆರಳಲ್ಲಿ ಮುರಿದು ಅದ್ದಿ ತಿಂದಾಗ ನನಗೆ ಹುಬ್ಬಳ್ಳಿಯ ಪುಂಡಿಪಲ್ಲೆಯ ಹುಳಿಯೇ ನಾಲಿಗೆಗೆ ಬಂತು. ಸಸ್ಯಾಹಾರಿಗಳು ಉಗಾಂಡಾದಲ್ಲಿ ಹಸಿದು ಇರಬೇಕಾಗಿಲ್ಲ. ಚಪಾತಿ, ಬೇಯಿಸಿದ ಬೀನ್ಸ್, ಮಟೋಕೆ ಬಾಳೆಕಾಯಿ ಎಲ್ಲೆಡೆ ಸಿಗುತ್ತವೆ.

ಎರಡನೆಯ ದಿನ ಗುಲುವಿನಿಂದ ಕಿಟ್ಗುಮ್, ಅಲ್ಲಿಂದ ಕರೆಂಗಾ ಮೂಲಕ ಅಪೋಕಾ. ಕಿಟ್ಗುಮ್‌ನಲ್ಲಿ ಟ್ಯಾಂಕ್ ತುಂಬಿಸಿಕೊಂಡು ಒಂದು ಕ್ಯಾನಿನಲ್ಲೂ ಡೀಸೆಲ್ ತೆಗೆದುಕೊಳ್ಳಿ, ಅದರಾಚೆ ನಂಬಬಹುದಾದ ಬಂಕು ಇಲ್ಲ. ಕುಡಿಯುವ ನೀರು, ಹಣ್ಣು, ಬಿಸ್ಕತ್ತು ಕೊಳ್ಳುವುದಿದ್ದರೂ ಅಲ್ಲೇ. ನಂತರ ಕೆಂಪು ಮಣ್ಣಿನ ರಸ್ತೆ. ಮೇಲ್ಛಾವಣಿ ತೆರೆಯುವ ಲ್ಯಾಂಡ್ ಕ್ರೂಸರ್‌ನಂಥ ನಾಲ್ಕು ಚಕ್ರದ ಎಳೆತದ ಗಾಡಿ, ಎರಡು ಹೆಚ್ಚುವರಿ ಟೈರು, ಈ ದಾರಿಯಲ್ಲಿ ಓಡಿಸಿ ಗೊತ್ತಿರುವ ಚಾಲಕ, ಮೂರೂ ಬೇಕು. ನಮ್ಮಂತೆ ಎಡಬದಿಯ ಸಂಚಾರವಾದ್ದರಿಂದ ಸ್ವತಃ ಓಡಿಸಬಹುದು ಎನಿಸುತ್ತದೆ. ಮೊದಲ ಸಲಕ್ಕೆ ಬೇಡ ಎನ್ನುತ್ತೇನೆ. ನಾನು ಬಾಡಿಗೆಗೆ ಪಡೆದ ಮೊದಲ ಗಾಡಿಯ ಹೆಚ್ಚುವರಿ ಟೈರಿಗೆ ಗಾಳಿಯೇ ಇರಲಿಲ್ಲ, ಅದು ಗೊತ್ತಾದದ್ದು ಕಿಟ್ಗುಮ್ ದಾಟಿದ ಮೇಲೆ ಟೈರು ಒಡೆದಾಗ. ಮೂರು ಗಂಟೆ ಬಿಸಿಲಲ್ಲಿ ಕೂತೆವು. ಕಂಪಾಲ ಬಿಡುವ ಮುನ್ನ ಜ್ಯಾಕು, ಟೈರು, ಗಾಳಿ ನೀವೇ ಮುಟ್ಟಿ ನೋಡಿ.

ಹಂತ 5: ಎಲ್ಲಿ ಉಳಿಯುವುದು

ಉದ್ಯಾನದ ನಡುವೆ, ನರೂಸ್ ಕಣಿವೆಗೆ ಮುಖ ಮಾಡಿ ಅಪೋಕಾ ಇದೆ. ಅಲ್ಲಿ ದುಬಾರಿ ಲಾಡ್ಜ್ ಒಂದು, ಪ್ರಾಧಿಕಾರವೇ ನಡೆಸುವ ಸರಳ ಗುಡಿಸಲುಗಳ ಶಿಬಿರ ಒಂದು. ಗೇಟಿನ ಹೊರಗೆ ಮಧ್ಯಮ ದರದ ಟೆಂಟ್ ಲಾಡ್ಜ್‌ಗಳಿವೆ. ಸ್ವಂತ ಗುಡಾರ ಇದ್ದವರಿಗೆ ನರೂಸ್‌ನ ಕಕಿನೆ ಮತ್ತು ನಗುಸೊಕೊಪಿರೆ ಶಿಬಿರತಾಣಗಳು.

ನನ್ನ ಆಯ್ಕೆ ಪ್ರಾಧಿಕಾರದ ಗುಡಿಸಲು. ಸೌಕರ್ಯ ಕಡಿಮೆ, ಕರೆಂಟು ಕೆಲವೇ ಗಂಟೆ. ಆದರೆ ಬೇಲಿ ಇಲ್ಲ. ಬೆಳಗ್ಗೆ ಬಾಗಿಲು ತೆರೆದರೆ ಅಂಗಳದಲ್ಲಿ ವಾಟರ್‌ಬಕ್ ಜಿಂಕೆ, ಮೊಣಕಾಲೂರಿ ಹುಲ್ಲು ಕೀಳುವ ವಾರ್ಟ್‌ಹಾಗ್ ಹಂದಿಗಳು, ಒಮ್ಮೊಮ್ಮೆ ಜೀಬ್ರಾ. ಇದರಿಂದಲೇ ಎಚ್ಚರವೂ ಬೇಕು: ಕತ್ತಲಾದ ಮೇಲೆ ಟಾರ್ಚ್ ಹಾಕದೆ ಶೌಚಾಲಯಕ್ಕೂ ಹೋಗಬೇಡಿ, ದೂರದ ಗುಡಿಸಲಿಗೆ ಹೋಗಬೇಕಾದರೆ ರೇಂಜರನ್ನು ಕರೆಯಿರಿ. ಹಣ್ಣು ಗುಡಾರದೊಳಗೆ ಇಟ್ಟುಕೊಳ್ಳಬೇಡಿ, ಆನೆಯ ಮೂಗಿಗೆ ತಿಳಿಯುತ್ತದೆ.

ಹಂತ 6: ಚೀಲದಲ್ಲಿ ಏನಿರಬೇಕು, ಏನಿರಬಾರದು

ಏನಿರಬಾರದು ಎಂಬುದನ್ನು ಮೊದಲು ಹೇಳುತ್ತೇನೆ. ನಮ್ಮ ವನ್ಯಜೀವಿ ಛಾಯಾಗ್ರಾಹಕರು ಪ್ರೀತಿಯಿಂದ ತೊಡುವ ಸೈನಿಕರ ಮಚ್ಚೆಮಚ್ಚೆಯ ಉಡುಪು, ಟೋಪಿ, ಲೆನ್ಸ್ ಕವಚ ಎಲ್ಲವನ್ನೂ ಮನೆಯಲ್ಲೇ ಬಿಡಿ. ಉಗಾಂಡಾದಲ್ಲಿ ಅಂಥ ಬಟ್ಟೆ ಸೈನ್ಯಕ್ಕೆ ಮೀಸಲು, ಬೇರೆಯವರು ತೊಟ್ಟರೆ ಅಪರಾಧ. ಗಡಿಭಾಗದಲ್ಲಿ ಇದನ್ನು ಯಾರೂ ಹಗುರವಾಗಿ ನೋಡುವುದಿಲ್ಲ. ಅನುಮತಿ ಇಲ್ಲದೆ ಡ್ರೋನ್ ಕೂಡ ಒಯ್ಯಬೇಡಿ. ಕಡುನೀಲಿ ಮತ್ತು ಕಪ್ಪು ಬಟ್ಟೆಯೂ ಬೇಡ, ತ್ಸೆತ್ಸೆ ನೊಣಗಳನ್ನು ಆ ಬಣ್ಣಗಳೇ ಸೆಳೆಯುತ್ತವೆ. ಅವುಗಳ ಕಡಿತ ತೆಳು ಬಟ್ಟೆಯನ್ನೂ ದಾಟಿ ಸೂಜಿಯಂತೆ ನಾಟುತ್ತದೆ. ಮಣ್ಣಿನ ಬಣ್ಣದ, ದಪ್ಪ ನೂಲಿನ ತುಂಬುತೋಳಿನ ಅಂಗಿ ಸರಿ.

ಇರಬೇಕಾದವು: 8x42 ಬೈನಾಕ್ಯುಲರ್, ಒಬ್ಬೊಬ್ಬರಿಗೂ ಒಂದೊಂದು. ಹಂಚಿಕೊಂಡು ನೋಡುವುದರಲ್ಲಿ ಅರ್ಧ ಹಕ್ಕಿ ಹಾರಿಹೋಗುತ್ತವೆ. ಕ್ಯಾಮೆರಾ ಇದ್ದರೆ 400ರಿಂದ 600 ಮಿಲಿಮೀಟರ್ ಲೆನ್ಸ್, ಕಿಟಕಿಯ ಮೇಲಿಡಲು ಬಟ್ಟೆಯ ಖಾಲಿ ಚೀಲ. ಅದಕ್ಕೆ ಬೀನ್ಸ್ ಅಲ್ಲೇ ಕೊಂಡು ತುಂಬಿ, ಬರುವಾಗ ಯಾರಿಗಾದರೂ ಕೊಡಿ. ಧೂಳಿಗೆ ದಿಂಬಿನ ಕವರಿಗಿಂತ ಒಳ್ಳೆಯ ಕ್ಯಾಮೆರಾ ಕವಚ ನಾನು ಕಂಡಿಲ್ಲ. ಇಂಗ್ಲೆಂಡ್ ಮಾದರಿಯ ಚೌಕ ಮೂರು ಪಿನ್ನಿನ ಪ್ಲಗ್, ಪವರ್ ಬ್ಯಾಂಕ್, ಹಣೆದೀಪ, ಓಆರ್‌ಎಸ್, ತಲೆಗೆ ಅಗಲ ಅಂಚಿನ ಟೋಪಿ. ಹಕ್ಕಿ ಗುರುತಿಸುವ ಮರ್ಲಿನ್ ಆಪ್‌ನಲ್ಲಿ ಆ ಪ್ರದೇಶದ ಹಕ್ಕಿಗಳ ಕಂತೆಯನ್ನೂ, ಫೋನಿನಲ್ಲಿ ಆಫ್‌ಲೈನ್ ನಕ್ಷೆಯನ್ನೂ ಕಂಪಾಲದಲ್ಲೇ ಇಳಿಸಿಕೊಳ್ಳಿ. ಅಪೋಕಾದ ನೆಟ್‌ವರ್ಕ್ ಬಂದರೆ ಬಂತು.

ಹಂತ 7: ನಾಲ್ಕು ದಿನ ಕಳೆಯುವುದು ಹೇಗೆ

ಮೊದಲ ದಿನ ನರೂಸ್ ಬಿಟ್ಟು ಎಲ್ಲೂ ಹೋಗಬೇಡಿ. ಎರಡನೆಯ ದಿನವೂ ಅಲ್ಲೇ ಇರಿ. ಕಬಿನಿಯಲ್ಲಿ ಸಫಾರಿ ಮಾಡಿ ರೂಢಿಯಾದ ನಮಗೆ ಒಂದು ಚಟ ಅಂಟಿರುತ್ತದೆ. ಹುಲಿ ಎಲ್ಲಿ, ಯಾವ ಗಾಡಿಗೆ ಸಿಕ್ಕಿತು, ಓಡಿ ಎನ್ನುವುದು. ಕಿಡೆಪೊದಲ್ಲಿ ಆ ಓಟದಿಂದ ಏನೂ ಸಿಗುವುದಿಲ್ಲ. ಬೆಳಕು ಹರಿಯುತ್ತಲೇ ಹೊರಟು, ನೀರು ಇರುವ ಒಂದು ತಗ್ಗನ್ನು ನೋಡುವಂತೆ ಗಾಡಿ ನಿಲ್ಲಿಸಿ ಎಂಜಿನ್ ಆರಿಸಿ. ಎರಡು ಗಂಟೆ ಅಲ್ಲೇ ಕೂರಿ.

ಮೊದಲ ಅರ್ಧ ಗಂಟೆ ಏನೂ ಇಲ್ಲ ಎನಿಸುತ್ತದೆ. ಆಮೇಲೆ ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ. ಪೊದೆ ಎಂದುಕೊಂಡದ್ದು ಓರಿಬಿ ಎಂಬ ಸಣ್ಣ ಜಿಂಕೆಯಾಗುತ್ತದೆ. ದೂರದ ಕಪ್ಪು ಗೆರೆ ನಿಧಾನಕ್ಕೆ ಉಬ್ಬಿ ಕಾಡೆಮ್ಮೆಗಳ ಹಿಂಡಾಗುತ್ತದೆ. ನೂರಾರು, ಕೆಲವೊಮ್ಮೆ ಸಾವಿರ ದಾಟುವ ಹಿಂಡು. ಅವುಗಳ ಬೆನ್ನ ಮೇಲೆ ಹಳದಿ ಕೊಕ್ಕಿನ ಆಕ್ಸ್‌ಪೆಕರ್ ಹಕ್ಕಿಗಳು ಉಣ್ಣಿಹುಳ ಹೆಕ್ಕುತ್ತಿರುತ್ತವೆ. ನಮ್ಮ ಬಂಡೆಯಂಥದೇ ಕಲ್ಲುಗುಡ್ಡೆಗಳು ಹುಲ್ಲಿನ ನಡುವೆ ಎದ್ದು ನಿಂತಿವೆ, ಸಿಂಹಗಳಿಗೆ ಅವೇ ಜಗಲಿ. ಎರಡನೆಯ ದಿನ ಬೆಳಗ್ಗೆ ಎಂಟರ ಹೊತ್ತಿಗೆ ನಾವು ನೋಡುತ್ತಿದ್ದ ಬಂಡೆಯ ಒಂದು ತುಂಡು ಕಿವಿ ಅಲ್ಲಾಡಿಸಿತು. ಒಂದು ಗಂಟೆಯಿಂದ ಆ ಸಿಂಹಿಣಿ ನಮ್ಮ ಕಣ್ಣೆದುರೇ ಮಲಗಿತ್ತು. ರೇಂಜರಿಗೆ ಮೊದಲೇ ಗೊತ್ತಿತ್ತು, ನಾವಾಗಿ ಕಾಣಲಿ ಎಂದು ಸುಮ್ಮನಿದ್ದ.

ಹಾಗಾಗಿ ರೇಂಜರನ್ನು ಕೂರಿಸಿಕೊಳ್ಳದೆ ಒಂದು ಸುತ್ತೂ ಹೊರಡಬೇಡಿ. ಅವರಿಗೆ ಯಾವ ಮರದಡಿ ಯಾವುದು ಮಲಗುತ್ತದೆ ಎಂಬುದು ಗೊತ್ತು. ಹಾದಿ ಬಿಟ್ಟು ಗಾಡಿ ಇಳಿಸುವಂತಿಲ್ಲ. ನೀವು ಕೇಳಿದರೂ ಅವರು ಒಪ್ಪಬಾರದು, ದಯವಿಟ್ಟು ಕೇಳಬೇಡಿ.

ನರೂಸ್‌ನಲ್ಲಿ ಜಿರಾಫೆಗಳನ್ನು ಕಂಡಾಗ ಅವುಗಳ ಹಿಂದಿನ ಕಥೆ ನೆನಪಿರಲಿ. 1979ರಲ್ಲಿ ಸರ್ವಾಧಿಕಾರಿ ಇದಿ ಅಮೀನ್ ಆಡಳಿತ ಬಿದ್ದಾಗ ಮೊರೊಟೊ ಸೇನಾ ಶಿಬಿರದ ಬಂದೂಕುಗಳು ಲೂಟಿಯಾಗಿ ಕರಮೋಜಾದುದ್ದಕ್ಕೂ ಹರಡಿದವು. ಬೇಟೆ ಮಿತಿಮೀರಿ ಕಿಡೆಪೊದ ಜಿರಾಫೆಗಳು ಬೆರಳೆಣಿಕೆಗೆ ಇಳಿದವು. ಉಳಿದವುಗಳ ಸಂತತಿಯ ಜೊತೆಗೆ 2018ರಲ್ಲಿ ಮರ್ಚಿಸನ್ ಫಾಲ್ಸ್ ಉದ್ಯಾನದಿಂದ ಲಾರಿಯಲ್ಲಿ ಸಾಗಿಸಿ ತಂದವೂ ಈಗ ಸೇರಿಕೊಂಡಿವೆ. ಹತ್ತಿರದ ಕಟುರುಮ್ ಬಂಡೆಯ ಮೇಲೆ ಅಮೀನ್ ಕಾಲದಲ್ಲಿ ಶುರುವಾಗಿ ನಿಂತುಹೋದ ಹೋಟೆಲ್ಲಿನ ಪಾಳುಗೋಡೆಗಳಿವೆ. ಸಂಜೆ ಅಲ್ಲಿಂದ ಇಡೀ ಕಣಿವೆ ಕಾಣುತ್ತದೆ.

ಮೂರನೆಯ ದಿನ ಕಿಡೆಪೊ ಕಣಿವೆಗೆ. ಕತ್ತಲಲ್ಲೇ ತಿಂಡಿ ಕಟ್ಟಿಸಿಕೊಂಡು, ಬೆಳಕಾದ ಕೂಡಲೇ ಹೊರಡಿ. ಕನಂಗೊರೊಕ್ ಬಿಸಿನೀರಿನ ಬುಗ್ಗೆಗಳು ಅಪೋಕಾದಿಂದ ಸುಮಾರು 40 ಕಿಲೋಮೀಟರ್, ಗಡಿಯ ಹತ್ತಿರ. ಶಸ್ತ್ರಧಾರಿ ರೇಂಜರ್ ಜೊತೆಗಿರಲೇಬೇಕು. ದಾರಿಯಲ್ಲಿ ಒಣಗಿದ ನದಿಯ ಮರಳಿನ ಮೇಲೆ ಗಾಡಿ ನಿಲ್ಲಿಸಿ ತಾಳೆಮರಗಳ ನೆರಳಲ್ಲಿ ಉಪಾಹಾರ ಮಾಡಿ. ನರೂಸ್‌ನಲ್ಲಿರುವ ಪ್ರಾಣಿಸಂದಣಿ ಇಲ್ಲಿಲ್ಲ, ಬದಲಿಗೆ ಆಸ್ಟ್ರಿಚ್ ಇದೆ. ಉಗಾಂಡಾದಲ್ಲಿ ಅದನ್ನು ಕಾಡಿನಲ್ಲೇ ನೋಡಲು ಈ ಬಯಲಿಗಿಂತ ಒಳ್ಳೆಯ ಜಾಗ ಇಲ್ಲ. ಚೀತಾ ಕೂಡ ಈ ದೇಶದಲ್ಲಿ ಉಳಿದಿರುವುದು ಈ ಕರಮೋಜಾ ಸೀಮೆಯಲ್ಲಷ್ಟೇ. ಸಿಕ್ಕರೆ ಅದೃಷ್ಟ, ಸಿಗದಿದ್ದರೆ ಕೊರಗಬೇಡಿ.

ರೇಂಜರ್ ಜೊತೆ ರಾತ್ರಿಯ ಸುತ್ತಿಗೆ ಅನುಮತಿ ಸಿಕ್ಕರೆ ಒಂದು ರಾತ್ರಿ ಹೋಗಿ. ಅಗಲ ಕಿವಿಯ ನರಿ, ಗೆದ್ದಲು ತಿನ್ನುವ ಆರ್ಡ್‌ವುಲ್ಫ್‌ನಂಥವು ಹಗಲಿಗೆ ಮುಖ ತೋರಿಸುವುದು ಅಪರೂಪ.

ಹಂತ 8: ಹಕ್ಕಿಗಳು

ಉದ್ಯಾನದ ಪಟ್ಟಿಯಲ್ಲಿ ಸುಮಾರು 475 ಬಗೆಯ ಹಕ್ಕಿಗಳಿವೆ. ಪಟ್ಟಿ ತುಂಬಿಸುವ ಆಸೆ ಇರುವವರನ್ನು ತಡೆಯುವುದಿಲ್ಲ, ಆದರೆ ಕೆಲವು ಹಕ್ಕಿಗಳ ಮುಂದೆ ಪೆನ್ನು ಕೆಳಗಿಟ್ಟು ಕೂರಬೇಕು.

ಒಂದು, ಅಬಿಸೀನಿಯಾದ ನೆಲಮಂಗಟ್ಟೆ. ಬೆಳಗಿನ ಜಾವ ಇನ್ನೂ ಹಾಸಿಗೆಯಲ್ಲಿರುವಾಗಲೇ ದೂರದಲ್ಲಿ ಯಾರೋ ಮಡಕೆಯ ಬಾಯಿಗೆ ತುಟಿಯಿಟ್ಟು ಊದಿದಂಥ ಗಂಭೀರ ಹೂಂಕಾರ ಕೇಳುತ್ತದೆ. ಸಿಂಹವೇ ಎಂದು ನಾನು ಮೊದಲ ದಿನ ಎದ್ದು ಕೂತಿದ್ದೆ. ದಾಂಡೇಲಿಯಲ್ಲಿ ಮರದ ತುದಿಯಲ್ಲಿ ಮಂಗಟ್ಟೆ ನೋಡಿದವರಿಗೆ ಇದು ನೆಲದ ಮೇಲೆ ಗೌಡರಂತೆ ನಡೆದು ಬರುವುದೇ ಬೆರಗು. ಮೈಯೆಲ್ಲ ಕಪ್ಪು, ಕಣ್ಣಿನ ಸುತ್ತ ನೀಲಿ ಚರ್ಮ. ಗಂಡಿನ ಗಂಟಲಚೀಲದಲ್ಲಿ ಕೆಂಪೂ ಇರುತ್ತದೆ, ಹೆಣ್ಣಿನದು ಪೂರ್ತಿ ನೀಲಿ. ಹಾರಿದಾಗ ಮಾತ್ರ ರೆಕ್ಕೆಯ ಬಿಳಿ ಕಾಣುತ್ತದೆ.

ಇನ್ನೊಂದು ಪಿಗ್ಮಿ ಫಾಲ್ಕನ್, ಆಫ್ರಿಕಾದ ಅತಿ ಚಿಕ್ಕ ಬೇಟೆಹಕ್ಕಿ. ಉದ್ದ 20 ಸೆಂಟಿಮೀಟರ್ ಇದ್ದೀತು. ಬಿಳಿತಲೆಯ ಎಮ್ಮೆಗೀಜಗಗಳು ಮುಳ್ಳುಕಡ್ಡಿ ಪೇರಿಸಿ ಕಟ್ಟಿದ ಗೂಡುಗಳನ್ನು ಕಂಡರೆ ಅಲ್ಲೇ ನಿಲ್ಲಿ, ಈ ಪುಟ್ಟ ಗಿಡುಗ ಅದೇ ಗೂಡಿನಲ್ಲಿ ಬಾಡಿಗೆಗಿರುತ್ತದೆ. ನಾವು ಕಂಡ ಜೋಡಿಯಲ್ಲಿ ಹೆಣ್ಣಿಗೆ ಇಟ್ಟಿಗೆಗೆಂಪಿನ ಬೆನ್ನು, ಗಂಡಿಗೆ ಬೂದು. ಒಣಕೊಂಬೆಯ ತುದಿಯಲ್ಲಿ ಪಕ್ಕಪಕ್ಕ ಕೂತು ಒಂದು ಹಲ್ಲಿಯನ್ನು ಹರಿದುಕೊಂಡು ತಿಂದವು, ಕೊನೆಗೆ ಬಾಲದ ತುಂಡೊಂದು ಗಂಡಿನ ಕೊಕ್ಕಿನಲ್ಲಿ ಬಹಳ ಹೊತ್ತು ನೇತಾಡುತ್ತಿತ್ತು.

ಕೋರಿ ಬಸ್ಟರ್ಡ್ ನೋಡಿದಾಗ ನನಗೆ ಸಂಕಟವಾಯಿತು. 18 ಕಿಲೋವರೆಗೂ ತೂಗುವ, ಹಾರಬಲ್ಲ ಹಕ್ಕಿಗಳಲ್ಲೇ ಅತಿ ಭಾರದವುಗಳಲ್ಲಿ ಒಂದು. ನಮ್ಮ ಸಿರುಗುಪ್ಪದ ಬಯಲಲ್ಲಿ ಕೊನೆಯುಸಿರು ಹಿಡಿದುಕೊಂಡಿರುವ ಎರೆಭೂತದ ಹತ್ತಿರದ ನೆಂಟ. ಅದೇ ನಡಿಗೆ, ಅದೇ ಬಿಗುಮಾನ. ಇಲ್ಲಿ ಅದಕ್ಕೆ ತಂತಿಯೂ ಇಲ್ಲ, ನೇಗಿಲೂ ಇಲ್ಲ.

ನಮ್ಮ ನೀಲಕಂಠದ ಉದ್ದಬಾಲದ ಬಂಧು ಅಬಿಸೀನಿಯಾದ ನೀಲಕಂಠ, ಹಾವು ತುಳಿದು ಕೊಲ್ಲುವ ಸೆಕ್ರೆಟರಿ ಹಕ್ಕಿ, ಬಿಳಿ ಹೊಟ್ಟೆಯ ಗೋ-ಅವೇ ಹಕ್ಕಿ, ರಾಮನಗರದ ಬೆಟ್ಟಗಳಲ್ಲಿ ಕಾಣುವ ಅದೇ ಬಿಳಿ ರಣಹದ್ದು, ಊರಲ್ಲಿ ಪೇರಲೆಮರಕ್ಕೆ ಬರುವ ಅದೇ ಗುಲಾಬಿ ಕೊರಳಪಟ್ಟಿಯ ಗಿಳಿ, ಎಲ್ಲವೂ ಇಲ್ಲಿವೆ. ಕಾಲ್ನಡಿಗೆಯಲ್ಲಿ ಹಕ್ಕಿ ನೋಡಬೇಕೆಂದರೆ ನಮಮುಕ್ವೆನಿ ಕಣಿವೆ ಕೇಳಿ. ಅಲ್ಲಿನ ನಪೋರೆ ಜನರ ಮಾತಿನಲ್ಲಿ ಆ ಹೆಸರಿಗೆ ಜನರಿಲ್ಲದ ಒಂಟಿ ಜಾಗ ಎಂದರ್ಥ. ಬೆಳಗ್ಗೆ ಹತ್ತರೊಳಗೆ ಮುಗಿಸಿ. ಬಿಸಿಲೇರಿದ ಮೇಲೆ ಶಿಬಿರದಲ್ಲೇ ಆನೆತೊರಡುಕಾಯಿ ಮರದಡಿ ಕೂತರೂ ಸೂರಕ್ಕಿಗಳು ಅದರ ಹೂವಿಗೆ ಬರುತ್ತವೆ. ಕಬ್ಬನ್ ಪಾರ್ಕಿನಲ್ಲಿ ನೀವು ನೋಡಿರುವ ಮರವೇ, ಅದರ ತವರು ಈ ಖಂಡ.

ಹಂತ 9: ಅಲ್ಲಿನ ಜನ

ನಾಲ್ಕನೆಯ ದಿನವನ್ನು ಜನರಿಗೆ ಕೊಡಿ. 2,750 ಮೀಟರ್ ಎತ್ತರದ ಮೊರುಂಗೊಲೆ ಬೆಟ್ಟದ ಮೇಲೆ ಇಕ್ ಜನ ವಾಸವಾಗಿದ್ದಾರೆ. ಚಿಕ್ಕ ಸಮುದಾಯ, ಸುತ್ತಲಿನವರ ಮಾತಿಗಿಂತ ಪೂರ್ತಿ ಬೇರೆಯಾದ ಭಾಷೆ ಅವರದು. ಈ ಕಣಿವೆ ಅವರ ಬೇಟೆಯ, ಆಯ್ದು ತಿನ್ನುವ ನೆಲವಾಗಿತ್ತು. ಕಾಡು ಮೀಸಲಾದಾಗ ಅವರನ್ನು ಹೊರಗೆ ಸರಿಸಿದರು. ನಾಗರಹೊಳೆಯ ಹಾಡಿಗಳ ಕಥೆ ಗೊತ್ತಿರುವ ನಮಗೆ ಇದು ಅರ್ಥವಾಗದ ಸಂಗತಿಯಲ್ಲ. ಚಾರಣ ಇಡೀ ದಿನದ್ದು, ಏರು ಕಡಿದು. ಪ್ರಾಧಿಕಾರದ ಮೂಲಕ ರೇಂಜರ್ ಮತ್ತು ಇಕ್ ಮಾರ್ಗದರ್ಶಿಯನ್ನು ಗೊತ್ತುಮಾಡಿಕೊಂಡೇ ಹೋಗಿ. ಏರಲಾಗದವರಿಗೆ ಉದ್ಯಾನದ ಹತ್ತಿರ ಲೊರುಕುಲ್ ಎಂಬ ಕರಮೋಜೋಂಗ್ ಹಳ್ಳಿ ಇದೆ, ಮುಳ್ಳುಬೇಲಿಯ ಒಳಗೆ ಮನೆ, ದನದ ಕೊಟ್ಟಿಗೆ ಎಲ್ಲ ಒಟ್ಟಿಗೆ.

ಎಜೋಕ್ ಎಂದು ನಮಸ್ಕರಿಸಿ, ಎಜೋಕ್ ನೋಯಿ ಎಂದು ಉತ್ತರ ಬರುತ್ತದೆ. ಫೋಟೊ ತೆಗೆಯುವ ಮುಂಚೆ ಕೇಳಿ, ತೆಗೆದದ್ದನ್ನು ತೋರಿಸಿ. ಮಕ್ಕಳಿಗೆ ಚಾಕೊಲೇಟು, ನೋಟು ಹಂಚಬೇಡಿ, ಹಣವನ್ನು ಹಳ್ಳಿಯವರು ಹೇಳಿದ ಒಂದೇ ಕೈಗೆ ಕೊಡಿ. ಹೆಂಗಸರು ಮಾರುವ ಮಣಿಸರ ಕೊಂಡರೆ ದುಡ್ಡು ನೇರವಾಗಿ ಮನೆಗೆ ಹೋಗುತ್ತದೆ.

ಹಂತ 10: ಹಿಂದಿರುಗುವಾಗ

ಎರಡು ದಿನ ಹೆಚ್ಚಿಗೆ ಇದ್ದರೆ ಬಂದ ದಾರಿಯಲ್ಲಿ ವಾಪಸಾಗಬೇಡಿ. ಮಾರ್ಗ ಸುರಕ್ಷಿತ ಎಂದು ರೇಂಜರುಗಳು ಹೇಳಿದರೆ ಕಾಬೊಂಗ್, ಕೊಟಿಡೊ, ಮೊರೊಟೊ ಮೂಲಕ ಪೂರ್ವದ ದಾರಿ ಹಿಡಿಯಿರಿ. ಮೊರೊಟೊದಿಂದ ದಕ್ಷಿಣಕ್ಕೆ ಪಿಯಾನ್ ಉಪೆ ಮೀಸಲು ಪ್ರದೇಶದ ಸುತ್ತ, ಗಾಳಿಗೆ ಸಿಳ್ಳೆ ಹಾಕುವ ಮುಳ್ಳುಜಾಲಿಯ ಪೊದೆಗಳಲ್ಲಿ ಕರಮೋಜಾ ಅಪಾಲಿಸ್ ಎಂಬ ಪುಟ್ಟ ಬೂದು ಹಕ್ಕಿ ಇದೆ. ಜಗತ್ತಿನಲ್ಲಿ ಬಹಳ ಕಡಿಮೆ ಕಡೆ ಸಿಗುವ ಹಕ್ಕಿ. ಮುಂದೆ ಎಲ್ಗನ್ ಬೆಟ್ಟದ ಬುಡದ ಸಿಪಿ ಜಲಪಾತದಲ್ಲಿ ಒಂದು ರಾತ್ರಿ ತಂಗಿ, ಎಂಬಾಲೆ ಪಟ್ಟಣದ ಮೂಲಕ ಕಂಪಾಲಕ್ಕೆ ಬನ್ನಿ.

ಹೊರಡುವ ಮುನ್ನ ಅಪೋಕಾದಲ್ಲಿ ರೇಂಜರಿಗೆ, ಅಡುಗೆಯವರಿಗೆ ಕೊಡಬೇಕಾದ್ದನ್ನು ಶಿಲ್ಲಿಂಗಿನಲ್ಲೇ ಕೈಗೆ ಕೊಡಿ, ಡಾಲರ್ ಬದಲಿಸಲು ಅವರು ಎಷ್ಟು ದೂರ ಹೋಗಬೇಕೆಂಬುದು ಈಗ ನಿಮಗೆ ಗೊತ್ತು. ಕಂಡ ಹಕ್ಕಿಗಳ ಪಟ್ಟಿಯನ್ನು ದಿನಾಂಕ, ಜಾಗ ಸಮೇತ ಇಬರ್ಡ್ ಎಂಬ ಹಕ್ಕಿ ದಾಖಲೆಯ ತಾಣಕ್ಕೆ ಹಾಕಿ. ಇಲ್ಲಿಗೆ ಬರುವ ಹಕ್ಕಿಗರು ಕಡಿಮೆ, ಒಂದು ಪಟ್ಟಿಗೂ ತೂಕವಿದೆ. ಹಳದಿ ಕಾರ್ಡು ದೊಡ್ಡ ಪೆಟ್ಟಿಗೆಯೊಳಗೆ ಹೋಗದಂತೆ ನೋಡಿಕೊಳ್ಳಿ. ಬೆಂಗಳೂರಿನಲ್ಲಿ ಇಮಿಗ್ರೇಷನ್‌ಗೂ ಮೊದಲು ಆರೋಗ್ಯ ಸಿಬ್ಬಂದಿ ಕೇಳುವುದು ಅದನ್ನೇ, ಪಾಸ್‌ಪೋರ್ಟಿನ ಪುಟದ ನಡುವೆಯೇ ಇರಲಿ.